ಗ್ಲಾಕ್ 19ಕ್ಕೆ ಹೆಚ್ಚುವರಿ ಮ್ಯಾಗಜೀನ್: ಕಂಪನಿಯದ್ದೇ ಬೇಕಾ, ಹೊರಗಿನದ್ದು ಸಾಕಾ?

ಆಸ್ಟಿನ್_ಹಾಸನ
ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ ಗ್ಲಾಕ್ 19 ಜೆನ್ 5 ಪಿಸ್ತೂಲ್ ತಗೊಂಡೆ. ಡಬ್ಬದಲ್ಲಿ ಮೂರು ಮ್ಯಾಗಜೀನ್ (ಗುಂಡು ತುಂಬಿ ಪಿಸ್ತೂಲಿನ ಹಿಡಿಯೊಳಗೆ ಹಾಕುವ ಡಬ್ಬಿ) ಬಂದಿವೆ. ಮುಂದಿನ ತಿಂಗಳು ಒಂದು ಪಿಸ್ತೂಲ್ ತರಗತಿಗೆ ಸೇರಿದ್ದೇನೆ, ಅವರು ಕನಿಷ್ಠ ಐದಾದರೂ ತನ್ನಿ ಎಂದಿದ್ದಾರೆ. ಅಂಗಡಿಯವರು ಗ್ಲಾಕ್ ಕಂಪನಿಯದ್ದೇ ತಗೊಳ್ಳಿ ಅನ್ನುತ್ತಾರೆ, ಸುಮಾರು 25 ಡಾಲರ್. ಆಫೀಸಿನ ಗೆಳೆಯ ಮ್ಯಾಗ್‌ಪುಲ್‌ನ ಪಿಮ್ಯಾಗ್ ತಗೋ, 15 ಡಾಲರ್ ಆಸುಪಾಸು, ಸುಮ್ನೆ ಯಾಕೆ ದುಡ್ಡು ಸುರೀತೀಯ ಅನ್ನುತ್ತಾನೆ. ನೆಟ್‌ನಲ್ಲಿ ಇನ್ನೂ ಅಗ್ಗದವೂ ಇವೆ. ಮನೆಯ ರಕ್ಷಣೆಗೂ ಇದೇ ಪಿಸ್ತೂಲ್, ಅಭ್ಯಾಸಕ್ಕೂ ಇದೇ. ಬಳಸಿದವರು ಹೇಳಿ.

ಟೆಕ್ಸಸ್_ತಾತ
ಕಂಪನಿಯದ್ದು ತಗೊಳ್ಳಿ. ಬೇರೆ ಯೋಚನೆ ಬೇಡ.

ಹುಬ್ಬಳ್ಳಿ_ಹ್ಯೂಸ್ಟನ್
ತಾತ, ಅಷ್ಟು ಬೇಗ ಮುಗಿಸಬೇಡಿ. ನಾನು ಪಿಮ್ಯಾಗ್‌ಗಳನ್ನು ವರ್ಷಗಳಿಂದ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಒಯ್ಯುತ್ತಿದ್ದೇನೆ, ತೊಂದರೆ ಕೊಟ್ಟಿಲ್ಲ. ತಳದ ಮುಚ್ಚಳ ಸಲೀಸಾಗಿ ಬಿಚ್ಚುತ್ತದೆ, ಒಳಗಿನ ಮಸಿ ಒರೆಸಿ ಮತ್ತೆ ಹಾಕಬಹುದು. ಗ್ಲಾಕ್‌ದು ಬಿಚ್ಚಲು ಹೋದರೆ ಹೆಬ್ಬೆರಳು ನೋವು ಬರುತ್ತದೆ. ಹತ್ತು ಡಾಲರ್ ಉಳಿದರೆ ಗುಂಡು ತಗೊಳ್ಳಬಹುದಲ್ಲ?

ಮೈಸೂರು_ಮಲ್ಲಿಗೆ
ಆ ಉಳಿಯುವ ಹತ್ತು ಡಾಲರಿನ ಲೆಕ್ಕವನ್ನೇ ಹಿಡಿಯೋಣ. 9 ಎಂಎಂ ಅಭ್ಯಾಸದ ಗುಂಡು ಒಂದಕ್ಕೆ 25 ಸೆಂಟ್ ಆಸುಪಾಸು. ಹೊಸ ಮ್ಯಾಗಜೀನ್ ನಂಬಬೇಕಾದರೆ ನೂರು ಗುಂಡಾದರೂ ಅದರಿಂದ ಹೊಡೆದು ನೋಡಬೇಕು. ಅಲ್ಲಿಗೇ 25 ಡಾಲರ್ ಆಯಿತು. ಅಂದರೆ 15 ಡಾಲರಿನ ಮ್ಯಾಗಜೀನಿಗಿಂತ ಅದನ್ನು ಪರೀಕ್ಷಿಸುವ ಖರ್ಚೇ ಜಾಸ್ತಿ. ಕಂಪನಿಯದ್ದನ್ನೂ ಪರೀಕ್ಷಿಸಬೇಕು, ಇಲ್ಲ ಎನ್ನುತ್ತಿಲ್ಲ. ಆದರೆ ಅಗ್ಗದ್ದು ಒಂದು ಸಲ ಕೈಕೊಟ್ಟರೆ ಮ್ಯಾಗಜೀನ್ ದುಡ್ಡೂ ಹೋಯಿತು, ಅದಕ್ಕೆ ಸುರಿದ ಗುಂಡಿನ ದುಡ್ಡೂ ಹೋಯಿತು.

ಇನ್ನೊಂದು ಮಾತು. ತರಗತಿಯಲ್ಲಿ ಜಾಮ್ ಆಗುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಬಿಡಿಸುವುದನ್ನು ಕಲಿಯುತ್ತೀರಿ. ರಾತ್ರಿ ಎರಡು ಗಂಟೆಗೆ ಬಾಗಿಲು ಒಡೆಯುವ ಸದ್ದು ಕೇಳಿದಾಗ ಆಗುವುದು ಬೇರೆ. ಹಾಗಾಗಿ ನನ್ನ ಮನೆಯಲ್ಲಿ ರಕ್ಷಣೆಗೆ ಇಟ್ಟವು ಬೇರೆ, ರೇಂಜಿನಲ್ಲಿ ಕಾಂಕ್ರೀಟಿನ ಮೇಲೆ ಬೀಳಿಸುವವು ಬೇರೆ. ಎರಡನ್ನೂ ಬೆರೆಸುವುದಿಲ್ಲ.

ಬಿಡಿಭಾಗ_ಬಸವ
ಮೇಡಂ ಲೆಕ್ಕ ಸರಿ. ಆದರೆ ಎಲ್ಲರೂ "ಕಂಪನಿಯದ್ದು" ಅಂತ ಹೇಳುತ್ತಿದ್ದೀರಲ್ಲ, ಅದನ್ನು ಮಾಡುವವರು ಯಾರು ಅಂತ ಕೇಳಿದ್ದೀರಾ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಕೂಟರಿನ ಭಾಗ ಕೊಂಡವರಿಗೆ ಇದು ಗೊತ್ತು, ಕಂಪನಿ ಡಬ್ಬದಲ್ಲಿ ಇರುವುದನ್ನೂ ಪಕ್ಕದಲ್ಲಿ ಬರಿ ಪ್ಲಾಸ್ಟಿಕ್ ಚೀಲದಲ್ಲಿ ಇರುವುದನ್ನೂ ಎಷ್ಟೋ ಸಲ ಒಬ್ಬನೇ ಮಾಡಿರುತ್ತಾನೆ. ಇಲ್ಲೂ ಹಾಗೇ. ಇಟಲಿಯ ಬ್ರೆಷಾ ಕಡೆ ಮೆಕ್-ಗಾರ್ ಅಂತ ಒಂದು ಸಂಸ್ಥೆ ಇದೆ, 1965ರಿಂದ ಮ್ಯಾಗಜೀನ್ ಮಾಡುವುದೇ ಅವರ ಕಸುಬು. ಎಷ್ಟೋ ಪಿಸ್ತೂಲ್ ಕಂಪನಿಗಳಿಗೆ ಅವರೇ ಮಾಡಿಕೊಡುತ್ತಾರೆ. ಸಿಝೆಡ್ 75 ಪಿಸ್ತೂಲಿನ ಜೊತೆ ಬರುವ ಮ್ಯಾಗಜೀನ್ ತಿರುಗಿಸಿ ನೋಡಿ, ಮೆಕ್-ಗಾರ್ ಮುದ್ರೆ ಇರುವವು ಸಿಗುತ್ತವೆ. ಅದನ್ನೇ ಅವರ ಸ್ವಂತ ಪೊಟ್ಟಣದಲ್ಲಿ ಕೊಂಡರೆ "ಹೊರಗಿನದ್ದು" ಆಗಿಬಿಡುತ್ತದಾ?

ಅಷ್ಟೇ ಅಲ್ಲ, ಬೆರೆಟ್ಟಾ 92ಕ್ಕೆ ಮಾಮೂಲಿ 15 ಗುಂಡು. ಮೆಕ್-ಗಾರ್‌ದು ಅದೇ ಎತ್ತರದಲ್ಲಿ 18 ಹಿಡಿಯುತ್ತದೆ. ಸಿಗ್ ಪಿ226ಕ್ಕೂ 18ರದ್ದು ಮಾಡುತ್ತಾರೆ. ಇಂಥ ಕಡೆ ಹೊರಗಿನದ್ದನ್ನು ಕೊಳ್ಳುವುದೇ ಜಾಣತನ.

ಟೆಕ್ಸಸ್_ತಾತ
ಬಸವ, ನೀವು ಹೇಳಿದ್ದು ಸಿಝೆಡ್‌ಗೆ ಸರಿ, ಬೆರೆಟ್ಟಾಗೆ ಸರಿ. ಪ್ರಶ್ನೆ ಗ್ಲಾಕ್‌ದು. ಗ್ಲಾಕ್ ತನ್ನ ಮ್ಯಾಗಜೀನ್ ತಾನೇ ಮಾಡುತ್ತದೆ. ಹೊರಗೆ ಪ್ಲಾಸ್ಟಿಕ್, ಒಳಗೆ ಉಕ್ಕಿನ ಕವಚ. ಗುಂಡನ್ನು ಹಿಡಿದಿಡುವ ಮೇಲಿನ ತುಟಿಗಳಿಗೂ ಉಕ್ಕಿನ ಬಲ ಇರುತ್ತದೆ. ಪಿಮ್ಯಾಗ್ ಪೂರ್ತಿ ಪ್ಲಾಸ್ಟಿಕ್. ವರ್ಷಗಟ್ಟಲೆ ತುಂಬಿಟ್ಟರೆ ಯಾವುದು ಹಿಗ್ಗುತ್ತದೆ ಅಂತ ನೀವೇ ಯೋಚಿಸಿ.

ಹುಬ್ಬಳ್ಳಿ_ಹ್ಯೂಸ್ಟನ್
ತಾತ, ಹಳೆಯ ಗ್ಲಾಕ್ ಮ್ಯಾಗಜೀನ್ ನೆನಪಿದೆಯಾ? ಮೊದಮೊದಲು ಬಂದವುಗಳಲ್ಲಿ ಲೋಹ ನಾಲ್ಕೂ ಕಡೆ ಇರಲಿಲ್ಲ. ತುಂಬಿದಾಗ ಉಬ್ಬಿಕೊಂಡು, ಮ್ಯಾಗಜೀನ್ ಬಿಡಿಸುವ ಗುಂಡಿ ಒತ್ತಿದರೂ ತಾನಾಗಿ ಬೀಳುತ್ತಿರಲಿಲ್ಲ, ಕೈಯಿಂದ ಎಳೆಯಬೇಕಿತ್ತು. ಆಮೇಲೆ ಅವರೇ ಬದಲಾಯಿಸಿದರು. ಕಂಪನಿಯದ್ದು ಅಂದ ಮಾತ್ರಕ್ಕೆ ದೇವರು ಕೊಟ್ಟಿದ್ದಲ್ಲ.

ಟೆಕ್ಸಸ್_ತಾತ
ಬದಲಾಯಿಸಿದರಲ್ಲ, ಅದೇ ನಾನು ಹೇಳುವುದು. ಪಿಸ್ತೂಲ್ ಮಾಡಿದವನಿಗೆ ಅದರ ಹೊಣೆ ಇರುತ್ತದೆ.

ಬೆಣ್ಣೆದೋಸೆ_ಡೆನ್ವರ್
ಹೊಣೆಯ ಮಾತು ಬಂತಲ್ಲ, ಅಮೆರಿಕದ ಸೇನೆಯ ಕಥೆ ಹೇಳುತ್ತೇನೆ. ಬೆರೆಟ್ಟಾ ಎಂ9 ಅವರಿಗೆ 1985ರಲ್ಲಿ ಬಂತು. ಇರಾಕ್ ಯುದ್ಧದಲ್ಲಿ ಸೈನಿಕರಿಂದ ದೂರು ಮೇಲೆ ದೂರು, ಪಿಸ್ತೂಲ್ ನಿಲ್ಲುತ್ತಿದೆ ಅಂತ. ಎಲ್ಲರೂ ಪಿಸ್ತೂಲನ್ನೇ ಬೈದರು. ನೋಡಿದರೆ ಬಹುಪಾಲು ತೊಂದರೆ ಮ್ಯಾಗಜೀನಿನದು. ಸೇನೆ ಬೇರೆ ಗುತ್ತಿಗೆದಾರರಿಂದ ಮಾಡಿಸಿದ ಮ್ಯಾಗಜೀನುಗಳಿಗೆ ದಪ್ಪ ಫಾಸ್ಫೇಟ್ ಲೇಪ ಇತ್ತು. ಅದರ ಒರಟು ಮೈಗೆ ಆ ಊರಿನ ಹಿಟ್ಟಿನಂಥ ಮರಳು ಹಿಡಿದುಕೊಂಡು ಸ್ಪ್ರಿಂಗ್ ಮೇಲೆ ಕೂತು ಗುಂಡನ್ನು ಮೇಲಕ್ಕೆ ತಳ್ಳುವ ಫಾಲೋವರ್ ಮೇಲೇರುತ್ತಲೇ ಇರಲಿಲ್ಲ. ಆಮೇಲೆ ನುಣುಪು ಲೇಪದ, ಮರಳು ತಡೆಯುವ ಮ್ಯಾಗಜೀನ್ ಬಂದವು.

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಮಾಡಿದವರು ಸೇನೆ ಕೇಳಿದ ಲೇಪವನ್ನೇ ಕೊಟ್ಟಿದ್ದರು. ಹೊರಗಿನವರು ಕಳಪೆ ಮಾಡಿದರು ಅಂತಲ್ಲ, ಕೇಳಿದ್ದೇ ಸರಿ ಇರಲಿಲ್ಲ. ಹಾಗಾಗಿ ಒಳಗಿನದ್ದು ಹೊರಗಿನದ್ದು ಅಂತ ಜಗಳ ಆಡುವ ಮುಂಚೆ, ಫಾಲೋವರ್ ಸಲೀಸಾಗಿ ಓಡುತ್ತದಾ, ಸ್ಪ್ರಿಂಗ್‌ಗೆ ಬಲ ಇದೆಯಾ, ಮೇಲಿನ ತುಟಿಗಳು ಸಮ ಇವೆಯಾ, ಇದನ್ನು ನೋಡಬೇಕು.

ಸಿಯಾಟಲ್_ಸಾಗರ
ಪಿಸ್ತೂಲ್ ಕೆಟ್ಟಿದೆ ಅಂತ ಬರುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಮ್ಯಾಗಜೀನಿನಲ್ಲೇ ಇರುತ್ತದೆ ಅಂತ ನಮ್ಮ ರೇಂಜಿನ ಮೇಸ್ತ್ರಿ ಯಾವಾಗಲೂ ಹೇಳುತ್ತಾರೆ. ಒಪ್ಪುತ್ತೇನೆ.

ಕಾವೇರಿ_ತೀರ
ನಾನು ಮಡಿಕೇರಿಯವನು, ಈಗಲೂ ಇಲ್ಲೇ ಇದ್ದೇನೆ, ಓದುತ್ತಾ ಕೂತೆ. ನಮ್ಮ ಮನೆಯಲ್ಲಿರುವುದು ಜೋಡಿ ನಳಿಗೆಯ ಕೋವಿ, ಅದಕ್ಕೆ ಮ್ಯಾಗಜೀನೇ ಇಲ್ಲ. ಎರಡು ತೋಟಾ ಹಾಕು, ಮುಚ್ಚು. ನಿಮ್ಮ ಈ ಚರ್ಚೆ ಕೇಳಿದರೆ ಆಶ್ಚರ್ಯ ಆಗುತ್ತದೆ.

ಆಸ್ಟಿನ್_ಹಾಸನ
ಕಾವೇರಿ_ತೀರ ಅವರೇ, ಕೊಡವರಿಗೆ ಲೈಸೆನ್ಸ್ ಬೇಡ ಅಂತಾರಲ್ಲ, ಈಗಲೂ ಹಾಗೇನಾ?

ಕಾವೇರಿ_ತೀರ
ಹೌದು. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ಪೊಳ್ದ್ ದಿನ ಕೋವಿಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟು ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತೇವೆ. ನನ್ನ ಅಜ್ಜ ಕೋವಿಯನ್ನು ದಾಟಿಕೊಂಡು ಹೋಗಲು ಮಕ್ಕಳನ್ನು ಬಿಡುತ್ತಿರಲಿಲ್ಲ. ಆ ಗೌರವ ನಿಮ್ಮಲ್ಲೂ ಇರಲಿ, ಪಿಸ್ತೂಲ್ ಆದರೂ ಸರಿ.

25_ಮೀಟರ್
ಬೆಂಗಳೂರಿನಿಂದ ನನ್ನದೊಂದು ಮಾತು. ನಾನು ಸ್ಪರ್ಧೆಗೆ .22 ಪಿಸ್ತೂಲ್ ಹೊಡೆಯುತ್ತೇನೆ. ಇಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ), ಹಾಗಾಗಿ ಗ್ಲಾಕ್ ಮಾತೇ ಬರುವುದಿಲ್ಲ. ಆದರೆ ಮ್ಯಾಗಜೀನಿನ ತಲೆನೋವು ನಮಗೂ ಇದೆ. .22 ತೋಟಾದ ಹಿಂಬದಿಗೆ ಹೊರಚಾಚಿದ ಅಂಚು ಇರುತ್ತದೆ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಅಲ್ಲಿಗೆ ನಿಂತಿತು. 9 ಎಂಎಂನಲ್ಲಿ ಹಾಗೆ ಹೊರಚಾಚಿದ ಅಂಚು ಇಲ್ಲ, ನಿಮಗೆ ಆ ತಲೆನೋವಿಲ್ಲ. ನಮ್ಮ ಇಟಲಿ, ಜರ್ಮನಿ ಪಿಸ್ತೂಲುಗಳಿಗೆ ಐದು ಗುಂಡಿನ ಕಂಪನಿ ಮ್ಯಾಗಜೀನ್ ಬಿಟ್ಟರೆ ಬೇರೆ ಯೋಚಿಸುವವರು ಕಡಿಮೆ. ಬೆಲೆ ಕೇಳಿದರೆ ಸುಸ್ತಾಗುತ್ತೀರಿ. ಒಂದು ಕೆಳಗೆ ಬಿದ್ದು ತುಟಿ ಬಾಗಿದರೆ ಆ ದಿನ ಊಟ ಸೇರುವುದಿಲ್ಲ.

ರಾಲಿ_ರಾಯಚೂರು
ಹಾಗಾದರೆ ನಾನು ರಜೆಗೆ ಬರುವಾಗ ಇಲ್ಲಿಂದ ನಿಮಗೆ ಒಂದೆರಡು ಮ್ಯಾಗಜೀನ್ ತರಬಹುದಾ ಅಣ್ಣ? ಖಾಲಿ ಡಬ್ಬಿ ತಾನೇ, ಗುಂಡು ಅಲ್ಲವಲ್ಲ.

25_ಮೀಟರ್
ದಯವಿಟ್ಟು ಆ ಕೆಲಸ ಮಾಡಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಭಾಗಗಳೂ ಆಯುಧವೇ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ಗೊತ್ತಿರಲಿಲ್ಲ ಅನ್ನುವ ಮಾತು ಕೇಳುವವರಿಲ್ಲ. ಅಮೆರಿಕದಿಂದ ಹೊರಗೆ ಒಯ್ಯಲೂ ಅಲ್ಲಿನ ರಫ್ತು ನಿಯಮ ಅಡ್ಡ ಬರುತ್ತದೆ. ಎರಡೂ ದೇಶದಲ್ಲಿ ಸಿಕ್ಕಿಕೊಳ್ಳುತ್ತೀರಿ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಬರುವಾಗ ಬಳಸಲೇಬೇಡಿ, ಮೂಲೆಯಲ್ಲಿ ಒಂದು ಗುಂಡು ಉಳಿದಿದ್ದರೂ ಸಾಕು.

ರಾಲಿ_ರಾಯಚೂರು
ಸರಿ ಅಣ್ಣ, ತಿಳಿಯಿತು. ಇನ್ನೊಂದು ಕೇಳುತ್ತೇನೆ, ನಾನು ಎಚ್1ಬಿ ಕೆಲಸದ ವೀಸಾದಲ್ಲಿದ್ದೇನೆ. ನಾನೂ ಒಂದು ಪಿಸ್ತೂಲ್ ತಗೊಳ್ಳಬಹುದಾ?

ಮೈಸೂರು_ಮಲ್ಲಿಗೆ
ಫೆಡರಲ್ ಕಾನೂನಿನಲ್ಲಿ ಎಚ್1ಬಿಯಂಥ ವಲಸೆಯೇತರ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಇನ್ನೂ ಕೆಲವು ಇವೆ. ಆದರೆ ಗೆಳೆಯರ ಮಾತು ಕೇಳಿ ಮುಂದುವರಿಯಬೇಡಿ. ಇಲ್ಲಿ ತಪ್ಪಾದರೆ ಕೇಸೂ ಆಗುತ್ತದೆ, ವೀಸಾ ಮತ್ತು ಗ್ರೀನ್ ಕಾರ್ಡ್ ದಾರಿಯೂ ಮುಚ್ಚುತ್ತದೆ. ವಕೀಲರನ್ನು ಕೇಳಿ, ದುಡ್ಡು ಖರ್ಚಾದರೂ ಪರವಾಗಿಲ್ಲ.

ಬೇಏರಿಯಾ_ಭಟ್ಟರು
ನಿಮ್ಮದೆಲ್ಲ ಸುಖದ ಸಮಸ್ಯೆ. ನಮಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಮ್ಯಾಗಜೀನಿಗೆ ಹತ್ತು ಗುಂಡೇ ಮಿತಿ. 2019ರ ಮಾರ್ಚ್ ಕೊನೆಯಲ್ಲಿ ಕೋರ್ಟ್ ಆ ಕಾನೂನನ್ನು ತಡೆದಾಗ ಒಂದು ವಾರ ಎಲ್ಲರೂ ಮುಗಿಬಿದ್ದು ತರಿಸಿಕೊಂಡರು, ಅಂಗಡಿಗಳಲ್ಲಿ ಕಂಪನಿಯದ್ದೋ ಹೊರಗಿನದ್ದೋ ಅಂತ ಕೇಳುವವರೇ ಇರಲಿಲ್ಲ, ಸಿಕ್ಕಿದ್ದು ಸಾಕು. ಆಮೇಲೆ ತಡೆ ಹೋಯಿತು, ಮೇಲಿನ ಕೋರ್ಟ್ 2025ರ ಮಾರ್ಚ್‌ನಲ್ಲಿ ಕಾನೂನನ್ನೇ ಎತ್ತಿಹಿಡಿಯಿತು. ಹತ್ತು ಗುಂಡಿನದ್ದಾದರೆ ನಾನು ಕಂಪನಿಯದ್ದೇ ತಗೊಳ್ಳುತ್ತೇನೆ.

ಬೆಣ್ಣೆದೋಸೆ_ಡೆನ್ವರ್
ಕೊಲರಾಡೊದಲ್ಲಿ 2013ರಿಂದ ಮಿತಿ 15. ಗ್ಲಾಕ್ 19ಕ್ಕೆ ಸರಿಹೋಗುತ್ತದೆ, ಗ್ಲಾಕ್ 17ರ ಹದಿನೇಳು ಗುಂಡಿನದ್ದು ಆಗುವುದಿಲ್ಲ. ಮ್ಯಾಗ್‌ಪುಲ್ ಮೊದಲು ನಮ್ಮ ರಾಜ್ಯದ್ದೇ ಕಂಪನಿ. ಆ ಕಾನೂನು ಬಂದ ಮೇಲೆ ಕಾರ್ಖಾನೆಯನ್ನು ವಯೋಮಿಂಗ್‌ಗೂ ಮುಖ್ಯ ಕಚೇರಿಯನ್ನು ಟೆಕ್ಸಸ್‌ಗೂ ಒಯ್ದರು. ಇಲ್ಲಿನ ಎಷ್ಟೋ ಜನರ ಕೆಲಸ ಹೋಯಿತು. ಆ ಸಿಟ್ಟು ನನಗಿನ್ನೂ ಇದೆ.

ಮಂಡ್ಯ_ಮಿನಿಯಾಪೊಲಿಸ್
ಇಷ್ಟು ದೂರ ಬಂದು ಮಕ್ಕಳಿರುವ ಮನೆಯಲ್ಲಿ ಪಿಸ್ತೂಲ್ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗುವುದಿಲ್ಲ. ಮ್ಯಾಗಜೀನ್ ಬಗ್ಗೆ ಇಷ್ಟು ಮಾತಾಡುತ್ತೀರಿ, ಅದನ್ನು ಎಲ್ಲಿಡುತ್ತೀರಿ ಅಂತ ಒಬ್ಬರೂ ಹೇಳಲಿಲ್ಲ.

ಮೈಸೂರು_ಮಲ್ಲಿಗೆ
ಕೇಳಿದ್ದು ಒಳ್ಳೆಯದಾಯಿತು. ಬೇಕೋ ಬೇಡವೋ ಅದು ಅವರವರ ಮನೆಯ ಮಾತು, ಆದರೆ ಇಟ್ಟುಕೊಂಡವರು ಬೀಗ ಹಾಕಲೇಬೇಕು. ನಮ್ಮಲ್ಲಿ ಗೋಡೆಗೆ ಬೋಲ್ಟ್ ಮಾಡಿದ ಪೆಟ್ಟಿಗೆ ಇದೆ. ತುಂಬಿದ ಮ್ಯಾಗಜೀನೂ ಅದರೊಳಗೇ, ಡ್ರಾಯರಿನಲ್ಲಿ ಅಲ್ಲ. ಮ್ಯಾಗಜೀನ್ ತೆಗೆದರೂ ನಳಿಗೆಯ ಹಿಂಬದಿಯ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು, ಇದನ್ನು ಮನೆಯ ದೊಡ್ಡವರೆಲ್ಲ ತಿಳಿದಿರಬೇಕು. ಊರಿಂದ ಅಪ್ಪ ಅಮ್ಮ ಬಂದಾಗಲೂ ಕೂರಿಸಿಕೊಂಡು ಹೇಳಿದ್ದೇನೆ.

ಮಂಡ್ಯ_ಮಿನಿಯಾಪೊಲಿಸ್
ಇದನ್ನು ಎಲ್ಲರೂ ಮಾಡಿದರೆ ನನ್ನ ತಕರಾರು ಅರ್ಧ ಕಡಿಮೆ ಆಗುತ್ತದೆ ಅಕ್ಕ. ಪೂರ್ತಿ ಹೋಗುವುದಿಲ್ಲ.

ಬಿಡಿಭಾಗ_ಬಸವ
ವಿಷಯಕ್ಕೆ ಬರುತ್ತೇನೆ. ಕಂಪನಿಯದ್ದೇ ಯಾವಾಗಲೂ ಮೇಲು ಅನ್ನುವವರು 1911 ಪಿಸ್ತೂಲ್ ನೋಡಲಿ. ಹಳೆಯ ಸೇನಾ ಮ್ಯಾಗಜೀನ್ .45ರ ಏಳು ಗುಂಡಿನದ್ದು, ದುಂಡು ಮೂತಿಯ ಗುಂಡಿಗೆ ಅಂತ ಮಾಡಿದ್ದು. ಟೊಳ್ಳು ಮೂತಿಯ ಗುಂಡು ಹಾಕಿದರೆ ಕೆಲವು ಪಿಸ್ತೂಲುಗಳಲ್ಲಿ ಮೇಲಕ್ಕೆ ಏರುವಾಗ ತಡೆಯುತ್ತಿತ್ತು. ವಿಲ್ಸನ್ ಕಾಂಬ್ಯಾಟ್‌ನ 47ಡಿ ಬಂದ ಮೇಲೆ ಫಾಲೋವರ್ ಬೇರೆ, ತುಟಿಯ ಆಕಾರ ಬೇರೆ, ಗುಂಡು ಎಂಟು. ಇವತ್ತು 1911 ಕೊಂಡವರಲ್ಲಿ ಬಹಳ ಜನ ಡಬ್ಬದಲ್ಲಿ ಬಂದದ್ದನ್ನು ಪಕ್ಕಕ್ಕಿಟ್ಟು ಅದನ್ನೇ ಹುಡುಕುತ್ತಾರೆ.

ಸಿಯಾಟಲ್_ಸಾಗರ
ಅದಕ್ಕೆ ಎದುರಾಗಿ ಗ್ಲಾಕ್ 43ಎಕ್ಸ್ ಇದೆ ಬಸವ. ಕಂಪನಿ ಮ್ಯಾಗಜೀನಿನಲ್ಲಿ ಹತ್ತೇ ಗುಂಡು. ಶೀಲ್ಡ್ ಆರ್ಮ್ಸ್‌ನವರು ಎಸ್15 ಅಂತ ಉಕ್ಕಿನದ್ದು ಮಾಡಿದರು, ಗೋಡೆ ತೆಳು, ಅದೇ ಎತ್ತರದಲ್ಲಿ 15 ಗುಂಡು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಉಕ್ಕಿನ ಮ್ಯಾಗಜೀನ್ ಪಿಸ್ತೂಲಿನಲ್ಲಿ ಮ್ಯಾಗಜೀನನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆಯನ್ನು ತಿನ್ನುತ್ತದೆ, ಹಾಗಾಗಿ ಉಕ್ಕಿನ ಕೊಕ್ಕೆ ಹಾಕಿಕೊಳ್ಳಿ ಅಂತ ಮಾಡಿದವರೇ ಹೇಳುತ್ತಾರೆ. ಅದನ್ನು ಹಾಕಿದರೆ ಕಂಪನಿಯ ಪ್ಲಾಸ್ಟಿಕ್ ಮ್ಯಾಗಜೀನಿನಲ್ಲಿ ಕೊಕ್ಕೆ ಕೂರುವ ಕಚ್ಚು ಸವೆಯುತ್ತದೆ. ಒಂದನ್ನು ಬದಲಾಯಿಸಿದರೆ ಇನ್ನೊಂದನ್ನೂ ಬದಲಾಯಿಸಬೇಕು. ಎರಡನ್ನೂ ಬಳಸುತ್ತೇನೆ ಅನ್ನುವವರಿಗೆ ಅದು ಆಗುವುದಿಲ್ಲ, ಯಾವುದಾದರೂ ಒಂದೇ ದಾರಿ ಹಿಡಿಯಬೇಕು.

ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ 2022ರ ಜುಲೈಯಿಂದ ಹತ್ತಕ್ಕಿಂತ ಜಾಸ್ತಿ ಗುಂಡಿನದ್ದರ ಮಾರಾಟವೇ ಇಲ್ಲ. ಇದ್ದವರು ಇಟ್ಟುಕೊಳ್ಳಬಹುದು. ಆದ್ದರಿಂದ ಇಲ್ಲಿ ಇರುವ ಹಳೆಯ ಕಂಪನಿ ಮ್ಯಾಗಜೀನನ್ನು ಸ್ಪ್ರಿಂಗ್ ಬದಲಾಯಿಸಿ, ಫಾಲೋವರ್ ಬದಲಾಯಿಸಿ ಜೋಪಾನ ಮಾಡುತ್ತೇವೆ. ಬಿಡಿಭಾಗ ಸುಲಭವಾಗಿ ಸಿಗುತ್ತದಾ ಅನ್ನುವುದನ್ನೂ ಕೊಳ್ಳುವಾಗಲೇ ನೋಡಿ.

ಹುಬ್ಬಳ್ಳಿ_ಹ್ಯೂಸ್ಟನ್
ತೀರಾ ಅಗ್ಗದ್ದರ ಬಗ್ಗೆ ನಾನೂ ಎಚ್ಚರಿಕೆ ಕೊಡುತ್ತೇನೆ. ಹೆಸರು ಬೇಡ. ನನ್ನ ಷಡ್ಡಕ ಆನ್‌ಲೈನಿನಲ್ಲಿ ಒಂದು ಕಟ್ಟು ತರಿಸಿದ್ದ. ಕೊನೆಯ ಗುಂಡು ಹೊಡೆದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲ್ಗಡೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದೆಯೇ ನಿಲ್ಲಬೇಕಲ್ಲ, ಅದು ನಿಲ್ಲುತ್ತಿರಲಿಲ್ಲ. ಫಾಲೋವರಿನ ಪ್ಲಾಸ್ಟಿಕ್ ಮೆತ್ತಗೆ, ಸ್ಲೈಡ್ ನಿಲ್ಲಿಸುವ ತುಂಡನ್ನು ಎತ್ತುವ ಜಾಗವೇ ಸವೆದುಹೋಗಿತ್ತು. ಅವನು ಪಿಸ್ತೂಲನ್ನೇ ಕಂಪನಿಗೆ ಕಳಿಸಲು ಹೊರಟಿದ್ದ. ನನ್ನ ಮ್ಯಾಗಜೀನ್ ಹಾಕಿ ನೋಡಿದರೆ ಸರಿಯಾಗೇ ಇತ್ತು. ಪಿಮ್ಯಾಗ್ ಒಂದು ಮಾತು, ಊರು ಹೆಸರು ಇಲ್ಲದ್ದು ಇನ್ನೊಂದು ಮಾತು. ಎರಡನ್ನೂ "ಹೊರಗಿನದ್ದು" ಅಂತ ಒಂದೇ ಗುಂಪಿಗೆ ಸೇರಿಸಬೇಡಿ ತಾತ.

ಟೆಕ್ಸಸ್_ತಾತ
ಅದನ್ನು ಒಪ್ಪುತ್ತೇನೆ. ಅಂದಹಾಗೆ ಗ್ಲಾಕ್ ಹೆಸರಿನ ನಕಲಿಗಳೂ ಇವೆ. ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನ ಪಡಿ, ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ.

ಆಸ್ಟಿನ್_ಹಾಸನ
ತುಂಬಾ ಉಪಯೋಗ ಆಯಿತು. ರಕ್ಷಣೆಗೆ ಡಬ್ಬದಲ್ಲಿ ಬಂದ ಮೂರರಲ್ಲಿ ಎರಡನ್ನು ಮೀಸಲಿಡುತ್ತೇನೆ. ತರಗತಿಗೆ ಪಿಮ್ಯಾಗ್ ನಾಲ್ಕು ತರಿಸುತ್ತೇನೆ, ಮೂರನೆಯದೂ ಅವುಗಳ ಜೊತೆಗಿರಲಿ. ತಾತನವರಿಗೆ ಬೇಜಾರಾಗದಿರಲಿ. ಇನ್ನೆರಡು ಪ್ರಶ್ನೆ. ಪರೀಕ್ಷೆ ಅಂದರೆ ಸುಮ್ನೆ ನೂರು ಗುಂಡು ಹೊಡೆದರೆ ಸಾಕಾ? ಮತ್ತೆ ತುಂಬಿಟ್ಟರೆ ಸ್ಪ್ರಿಂಗ್ ಸತ್ತುಹೋಗುತ್ತದಾ?

ಬಿಡಿಭಾಗ_ಬಸವ
ಸ್ಪ್ರಿಂಗ್ ಬಗ್ಗೆ: ಒಳ್ಳೆಯ ಉಕ್ಕಿನ ಸ್ಪ್ರಿಂಗ್ ಅದಕ್ಕೆ ಗೊತ್ತು ಮಾಡಿದ ಅಳತೆಯೊಳಗೆ ಅದುಮಿಟ್ಟರೆ ಅಷ್ಟಾಗಿ ಸೋಲುವುದಿಲ್ಲ. ಸೋಲುವುದು ಸಾವಿರಾರು ಸಲ ತುಂಬಿ ಖಾಲಿ ಮಾಡಿದಾಗ. ಹಾಗಾಗಿ ಪೆಟ್ಟಿಗೆಯಲ್ಲಿ ತುಂಬಿಟ್ಟದ್ದಕ್ಕಿಂತ ರೇಂಜಿನದ್ದೇ ಮೊದಲು ಹೋಗುತ್ತದೆ. ಹೊಸದರಲ್ಲಿ ಹದಿನೈದನೆಯ ಗುಂಡು ಹಾಕಲು ಬಹಳ ಗಟ್ಟಿ, ಕೆಲವು ದಿನ ತುಂಬಿಟ್ಟರೆ ಸ್ವಲ್ಪ ಸಡಿಲ ಆಗುತ್ತದೆ. ಅಪ್‌ಲೂಲಾ ಅಂತ ತುಂಬುವ ಸಾಧನ ಇದೆ, ತಗೊಳ್ಳಿ, ಬೆರಳು ಉಳಿಯುತ್ತದೆ.

25_ಮೀಟರ್
ಮ್ಯಾಗಜೀನ್ ಒಳಗೆ ಎಣ್ಣೆ ಹಾಕಬೇಡಿ. ಮಸಿ, ಧೂಳು ಎಲ್ಲ ಅಂಟಿಕೊಳ್ಳುತ್ತದೆ. ಒಣಗಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೈಸೂರು_ಮಲ್ಲಿಗೆ
ಪರೀಕ್ಷೆ ಹೀಗೆ ಮಾಡಿ. ಪ್ರತಿಯೊಂದರ ತಳದಲ್ಲಿ ಬಣ್ಣದ ಪೆನ್ನಿನಲ್ಲಿ ನಂಬರ್ ಬರೆಯಿರಿ, ಇಲ್ಲದಿದ್ದರೆ ಯಾವುದು ಕೈಕೊಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಪೂರ್ತಿ ತುಂಬಿ, ಸ್ಲೈಡ್ ಮುಂದಿರುವಾಗಲೇ ಒಳಗೆ ತಳ್ಳಿ, ಸರಿಯಾಗಿ ಕೂರುತ್ತದಾ ನೋಡಿ. ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲಬೇಕು, ಗುಂಡಿ ಒತ್ತಿದರೆ ಖಾಲಿ ಮ್ಯಾಗಜೀನ್ ತಾನಾಗಿ ಬೀಳಬೇಕು. ಅರ್ಧ ತುಂಬಿದ್ದೂ ಬೀಳುತ್ತದಾ ನೋಡಿ. ಮುಖ್ಯವಾದದ್ದು, ರಕ್ಷಣೆಗೆ ಯಾವ ಟೊಳ್ಳು ಮೂತಿಯ ಗುಂಡು ಇಡುತ್ತೀರೋ ಅದನ್ನೂ ಒಂದಷ್ಟು ಹೊಡೆಯಿರಿ. ಬೆಲೆ ಜಾಸ್ತಿ, ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಡಿ. ಒಂದು ಮ್ಯಾಗಜೀನ್ ಎರಡು ಸಲ ಒಂದೇ ತೊಂದರೆ ಕೊಟ್ಟರೆ ಅದನ್ನು ರಕ್ಷಣೆಯ ಪಾಳಿಯಿಂದ ತೆಗೆದುಬಿಡಿ.

ಎಡಿಸನ್_ಉಡುಪಿ
ಹೊಸಬಳು ನಾನು. ನಾವು ಡಲ್ಲಾಸಿನಿಂದ ನ್ಯೂಜೆರ್ಸಿಗೆ ಮನೆ ಬದಲಾಯಿಸುತ್ತಿದ್ದೇವೆ. ನಮ್ಮೆಜಮಾನರ ಗ್ಲಾಕ್ 19ರ 15 ಗುಂಡಿನ ಮ್ಯಾಗಜೀನುಗಳನ್ನು ಸಾಮಾನಿನ ಲಾರಿಯಲ್ಲಿ ಹಾಕಬಹುದಾ?

ಬೇಏರಿಯಾ_ಭಟ್ಟರು
ಬೇಡವೇ ಬೇಡ ತಂಗಿ. ನ್ಯೂಜೆರ್ಸಿಯಲ್ಲಿ 2018ರಿಂದ ಹತ್ತೇ ಮಿತಿ. ಮಾರುವುದು ಮಾತ್ರವಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಟೆಕ್ಸಸ್‌ನಲ್ಲೇ ಮಾರಿಬಿಡಿ, ಹತ್ತು ಗುಂಡಿನ ಕಂಪನಿ ಮ್ಯಾಗಜೀನ್ ಈಗಲೇ ಕೊಂಡು ಅಲ್ಲೇ ಪರೀಕ್ಷೆ ಮಾಡಿಕೊಂಡು ಹೊರಡಿ. ಪಿಸ್ತೂಲ್ ಒಯ್ಯುವ ನಿಯಮ, ದಾರಿಯಲ್ಲಿ ಸಿಗುವ ರಾಜ್ಯಗಳ ನಿಯಮ ಎರಡನ್ನೂ ಹೊರಡುವ ಮುಂಚೆ ಅಲ್ಲಿನ ವಕೀಲರ ಹತ್ತಿರ ಕೇಳಿಕೊಳ್ಳಿ.

ಎಡಿಸನ್_ಉಡುಪಿ
ಧನ್ಯವಾದ ಅಣ್ಣ, ಇವತ್ತೇ ಅವರಿಗೆ ಹೇಳುತ್ತೇನೆ. ಪಿಮ್ಯಾಗ್‌ನಲ್ಲೂ ಗ್ಲಾಕ್ 19ಕ್ಕೆ ಹತ್ತರದ್ದು ಇದೆಯಲ್ಲ, ಅದು ಬೇಡವಾ?

ಟೆಕ್ಸಸ್_ತಾತ
ಮಿತಿಯೇ ಹತ್ತು ಅಂದಮೇಲೆ ಆ ಹತ್ತೂ ತಪ್ಪದೆ ಹೊಡೆಯಬೇಕು ತಾಯಿ. ಕಂಪನಿಯದ್ದು ತಗೊಳ್ಳಿ.

ಹುಬ್ಬಳ್ಳಿ_ಹ್ಯೂಸ್ಟನ್
ಈ ಒಂದಕ್ಕೆ ನಾನೂ ತಾತನ ಕಡೆ.